ಬೆಕ್ಕಿನ ಪಥ್ಯ, ಅತ್ತೆಯ ತುತ್ತು

ಬೆಕ್ಕು ಸಾಕಿದ ಮನೆಯಲ್ಲಿ ಬೆಕ್ಕಿಗಿಂತ ಹೆಚ್ಚು ಪೇಚಿಗೆ ಸಿಕ್ಕುವವರು ಮನುಷ್ಯರೇ. ಚಿತ್ರದುರ್ಗದ ನಮ್ಮ ಮನೆಯಲ್ಲಿ ಇದು ಆಗಾಗ ರುಜುವಾತಾಗುತ್ತಿರುತ್ತದೆ. ನಾನು ಬಿ.ಎಸ್ಸಿ. ಮಾಡಿದವಳು; ಹಾಲಿನವನ ರಜೆಯಿಂದ ಮೊಮ್ಮಕ್ಕಳ ಚುಚ್ಚುಮದ್ದಿನವರೆಗೆ ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವುದು ನನ್ನ ಕ್ರಮ. ಹಾಗಾಗಿ ಇಲ್ಲಿ ಉತ್ಪ್ರೇಕ್ಷೆ ಇಲ್ಲ. ಬೆಕ್ಕು ನಮ್ಮ ಅತ್ತೆಯವರದು. ಎಂಬತ್ತು ದಾಟಿದ ಅವರು ತಮ್ಮ ತಟ್ಟೆಯ ಮೊದಲ ತುತ್ತನ್ನು ಅದಕ್ಕೆ ಇಟ್ಟೇ ಉಣ್ಣುವವರು.

೧. ಪಾಯಸದ ದ್ರಾಕ್ಷಿ

ಬಸವ ಜಯಂತಿಯ ಮರುದಿನ ಬೆಕ್ಕು ವಾಂತಿ ಮಾಡಿ ಮೂಲೆ ಸೇರಿತು. ಅತ್ತೆಯೂ ಊಟ ಬಿಟ್ಟು ಕುಳಿತರು. ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯರಲ್ಲಿಗೆ ಹೋದೆವು. ಕರಾವಳಿ ಕಡೆಯ ತರುಣ, ಈ ಊರಿಗೆ ಹೊಸಬರು. ಒಣದ್ರಾಕ್ಷಿ ಏನಾದರೂ ತಿಂದಿರಬಹುದೇ, ಅದು ಬೆಕ್ಕಿನ ಮೂತ್ರಪಿಂಡಕ್ಕೆ ಅಪಾಯ ಎಂದರು. ಪಾಯಸಕ್ಕೆ ಹಾಕಿದ್ದು ನಿಜ, ಆದರೆ ಅದನ್ನು ಉಂಡವರು ನಾವು ಮಾತ್ರ ಎಂದೆ. ಹಿಂದೆ ನಿಂತಿದ್ದ ನಮ್ಮ ಯಜಮಾನರು ಕೆಮ್ಮಿದರು.

"ನಂಗೆ ದ್ರಾಕ್ಷಿ ಸೇರಲ್ಲ ಡಾಕ್ಟ್ರೆ. ಆರಿಸಿ ಟೇಬಲ್ ಕೆಳಗೆ ಹಾಕ್ತೀನಿ."

"ಯಾವಾಗಿನಿಂದ?" ನಾನು ಕೇಳಿದೆ.

"ಮದುವೆ ಆದಾಗಿಂದ."

ಬೆಕ್ಕಿಗೆ ವೈದ್ಯರು ಡ್ರಿಪ್ ಹಾಕಿದರು. ಇವರಿಗೆ ನಾನು ಪಾಯಸ ಹಾಕುವುದನ್ನು ಬಿಟ್ಟೆ.

೨. ಒಗ್ಗರಣೆ

ಬೆಕ್ಕು ಉಳಿಯಿತು, ಆದರೆ ಮೊದಲಿನ ಲವಲವಿಕೆ ಬರಲಿಲ್ಲ. ಇನ್ನೊಮ್ಮೆ ತೋರಿಸುವ ದಿನ ನಾನು ಹೊಳಲ್ಕೆರೆಗೆ ಮದುವೆಗೆಂದು ಹೋಗಿದ್ದೆ. ವೈದ್ಯರು ಬಾಯಿ ಬಿಡಿಸಿ ನೋಡಿ, ಒಸಡು ಬಿಳಿಚಿದೆ, ರಕ್ತ ಕಡಿಮೆ, ಒಗ್ಗರಣೆ ಪೂರ್ತಿ ನಿಲ್ಲಿಸಿಬಿಡಿ ಎಂದು ಅತ್ತೆಗೆ ಹೇಳಿ ಕಳಿಸಿದರು.

ನಮ್ಮ ಕಡೆ ಒಗ್ಗರಣೆ ಎಂದರೆ ಸಂಜೆ ಮಿರ್ಚಿ ಜೊತೆ ತಿನ್ನುವ ಒಗ್ಗರಣೆ ಮಂಡಕ್ಕಿ. ನಾನು ಬರುವಷ್ಟರಲ್ಲಿ ಅದು ಮನೆಯಲ್ಲಿ ಎಲ್ಲರಿಗೂ ಬಂದ್ ಆಗಿತ್ತು. ಡಾಕ್ಟರ ಅಪ್ಪಣೆ ಎಂದರು ಅತ್ತೆ, ನಾನೂ ಪಾಲಿಸಿದೆ. ಬೆಕ್ಕು ಮಾತ್ರ ಯಥಾಪ್ರಕಾರ ಅತ್ತೆಯ ತಟ್ಟೆಯಿಂದ ಈರುಳ್ಳಿ, ಬೆಳ್ಳುಳ್ಳಿಯ ಸಾರನ್ನ ಉಣ್ಣುತ್ತಿತ್ತು. ಮತ್ತೆ ಕರೆದೊಯ್ದಾಗ ಒಸಡು ಇನ್ನೂ ಬೆಳ್ಳಗಾಗಿತ್ತು.

"ಒಗ್ಗರಣೆ ನಿಲ್ಲಿಸಿದ್ರಾ ಅಜ್ಜಿ?"

"ನಿಲ್ಲಿಸ್ದೆ ಇರ್ತೀವಾ? ಮನೇಲಿ ಒಬ್ರೂ ಮಂಡಕ್ಕಿ ಮುಟ್ಟಿಲ್ಲ."

ವೈದ್ಯರು ನನ್ನ ಮುಖ ನೋಡಿದರು. ಆಮೇಲೆ ಬಿಡಿಸಿ ಹೇಳಿದರು: ತಾವು ಹೇಳಿದ್ದು ಸಾರಿಗೆ ಹಾಕುವ ಒಗ್ಗರಣೆ; ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತ ಕೆಡಿಸುತ್ತವೆ, ಬೇಯಿಸಿದರೂ ಅಷ್ಟೇ, ಹೀಗೇ ಮುಂದುವರಿದರೆ ಬೆಕ್ಕು ಉಳಿಯುವುದಿಲ್ಲ. ದಾರಿಯುದ್ದಕ್ಕೂ ಅತ್ತೆ ಬುಟ್ಟಿಯ ಮೇಲಿನ ಕೈ ತೆಗೆಯಲಿಲ್ಲ. ಯಜಮಾನರು ಮಾತ್ರ ಆಟೋ ನಿಲ್ಲಿಸಿದರು. ಹಂಗಾದ್ರೆ ಮಂಡಕ್ಕಿಗೇನೂ ಅಡ್ಡಿ ಇಲ್ಲ ಅಂತಾತು ಎಂದು ಒಂದು ದೊಡ್ಡ ಪೊಟ್ಟಣ ಕಟ್ಟಿಸಿಕೊಂಡರು.

೩. ರಕ್ತಕ್ಕೆ ಒಳ್ಳೇದು

ಬೆಕ್ಕಿಗೆ ರಕ್ತ ಕಡಿಮೆ ಎಂಬ ಸುದ್ದಿ ಬೀದಿಗೆಲ್ಲ ಹಬ್ಬಿತು. ಪಕ್ಕದ ಮನೆಯಾಕೆ ಬಟ್ಟಲಲ್ಲಿ ನೆನೆಸಿದ ಒಣದ್ರಾಕ್ಷಿ ಹಿಡಿದು ಬಂದರು. ರಕ್ತ ಆಗೋಕೆ ಇದಕ್ಕಿಂತ ಒಳ್ಳೆ ಔಷಧಿ ಇಲ್ಲ ಎಂಬುದು ಅವರ ವಾದ. ಅದೇ ಬೆಕ್ಕಿಗೆ ವಿಷ ಎಂದು ನಾನು ತಿಳಿಸಿದೆ. ಅವರಿಗೆ ಅವಮಾನವಾಯಿತು.

"ನಮ್ಮ ಸೊಸೆ ಬಸುರಿ ಆದಾಗಿಂದ ದಿನಾ ತಿಂತಾಳಲ್ರೀ. ಅವಳಿಗೇನಾಗೈತೆ?"

ಅತ್ತೆ ಬೆಕ್ಕಿನ ತಲೆ ಸವರುತ್ತಲೇ ಕೇಳಿದರು: "ಇಲಿ ಹಿಡೀತಾಳೇನವ್ವ ನಿನ್ ಸೊಸೆ?"

೪. ಅಪ್ಪಣೆ

ವೈದ್ಯರು ಹೇಳಿದ ಪ್ಯಾಕೆಟ್ ಆಹಾರ ತಂದೆವು, ಬೆಕ್ಕು ತಿಂದಿತು. ತೊಡಕು ಬಂದದ್ದು ಅತ್ತೆಯ ಮೊದಲ ತುತ್ತಿಗೆ. ಅವರು ತಟ್ಟೆಯ ಮುಂದೆ ಕುಳಿತರೆ ಅದು ಎದುರಿಗೆ ಬಂದು ಕೂರುತ್ತದೆ. ಕೊಟ್ಟರೆ ಅದು ಉಳಿಯುವುದಿಲ್ಲ. ಕೊಡದಿದ್ದರೆ ಇವರಿಗೆ ಅನ್ನ ಇಳಿಯುವುದಿಲ್ಲ. ನಾನು ಬೇರೆ ತಟ್ಟೆಯ ಏರ್ಪಾಟು ಸೂಚಿಸಿದೆ. ಅವರು ಒಪ್ಪಲಿಲ್ಲ.

"ಅದಕ್ಕೆ ವಿಷ ಆಗೋದನ್ನ ಅದರ ಮುಂದೆ ಕುಂತು ನಾನು ಹೆಂಗವ್ವ ತಿನ್ಲಿ?"

ಅಂದಿನಿಂದ ಅತ್ತೆ ಈರುಳ್ಳಿ, ಬೆಳ್ಳುಳ್ಳಿ, ಒಗ್ಗರಣೆ ಮೂರನ್ನೂ ಬಿಟ್ಟರು. ಸಪ್ಪೆ ಅನ್ನ, ಬರೀ ಬೇಳೆಕಟ್ಟು. ಬೆಕ್ಕಿಗೆ ಅದರಲ್ಲೇ ಒಂದು ಸಣ್ಣ ತುತ್ತು. ಮಳೆಗಾಲ ಬರುವ ಹೊತ್ತಿಗೆ ಅದರ ಒಸಡು ಕೆಂಪಾಯಿತು, ಬೆಕ್ಕು ಗೋಡೆ ಹಾರತೊಡಗಿತು.

ಆಗ ಭೀಮಸಮುದ್ರದ ನಮ್ಮ ಬೀಗರು ಊಟಕ್ಕೆ ಬಂದರು. ಅಡಿಕೆ ವ್ಯಾಪಾರಸ್ಥರು, ಮಠಕ್ಕೆ ನಡೆದುಕೊಳ್ಳುವ ಭಕ್ತರು. ಅತ್ತೆಯ ತಟ್ಟೆ ನೋಡಿ, ಯಾಕೆ ಹೀಗೆ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟಿದ್ದಾರೆ ಎಂದಷ್ಟೇ ಹೇಳಿದೆ. ಬೀಗರು ಉಣ್ಣುವುದನ್ನು ನಿಲ್ಲಿಸಿ ಎದ್ದರು, ಕೈ ತೊಳೆದು ಬಂದರು, ಅತ್ತೆಯ ಕಾಲಿಗೆ ಅಡ್ಡಬಿದ್ದರು. ಈ ವಯಸ್ಸಿನಾಗೆ ಇಂಥ ನೇಮ ಹಿಡಿಯೋದು ಅಂದ್ರೆ ಪುಣ್ಯ ಬೇಕು ಎಂದರು. ಆಮೇಲೆ ಕೈ ಮುಗಿದು ಕೇಳಿದರು:

"ಯಾವ ಸ್ವಾಮಿಗಳ ಅಪ್ಪಣೆ ಆತ್ರಿ ಅಮ್ಮಾರೆ?"

ಅತ್ತೆ ತುತ್ತು ಕಲಸುತ್ತಾ ಹೇಳಿದರು: "ದನದ ಡಾಕ್ಟ್ರುದು ಕಣಪ್ಪ."