ಬೀದಿ ಬದಲಿಸಿದ ಅಂಗನವಾಡಿ

ಮಾತು ಆಡಿದರೆ ಹೋಯಿತು ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ. ಯೋಗೇಶ ಆವತ್ತು ಬಾಯಿ ಮುಚ್ಚಿಕೊಂಡಿದ್ದರೆ ಸಂಜೆ ಬಸ್ಸಿಗೆ ಹೋಗಿ ಹೆಂಡತಿಯ ಮುಖ ನೋಡುತ್ತಿದ್ದ.

ಕಾರ್ಖಾನೆಯಲ್ಲೇ ತಯಾರಾದ ಗೋಡೆ, ಸೂರುಗಳನ್ನು ಲಾರಿಯಲ್ಲಿ ತಂದು, ನಟ್ಟು ಬೋಲ್ಟು ಬಿಗಿದು ಕಟ್ಟಡ ನಿಲ್ಲಿಸುವುದು ಅವನ ಕೆಲಸ. ಮದುವೆಯಾಗಿ ವರ್ಷವಾಗಿತ್ತು. ಹೆಂಡತಿ ಮಮತಾ ಹೊಳಲ್ಕೆರೆಯಲ್ಲಿ, ಇವನು ಊರೂರಲ್ಲಿ. "ಹರಿಯಬ್ಬೆ ಅಂಗನವಾಡಿ ಇವತ್ತು ಮುಗಿಸಿ, ಊರವರನ್ನ ಒಪ್ಪಿಸಿಬಿಡು. ನಾಳೆಯಿಂದ ಹೊಳಲ್ಕೆರೆ ಕಾರ್ಖಾನೆಗೇ ಹಾಕ್ತೀನಿ" ಎಂದು ಸಾಹೇಬರು ಪಂಚಾಕ್ಷರಪ್ಪ ಮಾತು ಕೊಟ್ಟಿದ್ದರು.

ಮಧ್ಯಾಹ್ನದ ಹೊತ್ತಿಗೆ ಮೇಲಿನ ಬೀದಿಯಲ್ಲಿ ಅಂಗನವಾಡಿ ಎದ್ದು ನಿಂತಿತು. ಆಗ ಹಳ್ಳದಾಚೆಯ ಬೀದಿಯಿಂದ ಓಬಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. ಹಿಂದೆ ಅವಳ ಬೀದಿಯೇ ಇತ್ತು.

"ಏನಪ್ಪ, ನಮ್ ಮಕ್ಳು ಮಳೆಗಾಲದಾಗೆ ಹಳ್ಳ ಈಜ್ಕಂಡು ಬರ್ಬೇಕಾ?"

ಸಮಾಧಾನ ಮಾಡಲು ಹೋಗಿ ಯೋಗೇಶ ಕೆಟ್ಟ. "ಅಕ್ಕಾ, ಇದೇನು ಬೇರು ಬಿಟ್ಟೈತಾ? ಬೋಲ್ಟ್ ಬಿಚ್ಚಿದ್ರೆ ಎಲ್ಲಿಗೆ ಬೇಕಾದ್ರೂ ಒಯ್ಯಬೋದು!" ಎಂದ. ಎಂದಾದರೊಂದು ದಿನ ಅನ್ನುವುದು ಅವನ ಮನಸ್ಸಿನಲ್ಲಿತ್ತು.

"ಹಂಗಾದ್ರೆ ಬಿಚ್ರಲೇ!" ಎಂದಳು ಓಬಕ್ಕ.

ಮೇಲಿನ ಬೀದಿಯವರೆಲ್ಲ ಹೊಲಕ್ಕೆ ಹೋಗಿದ್ದರು. ಯೋಗೇಶ ಬೇಡ ಬೇಡ ಅನ್ನುವಷ್ಟರಲ್ಲಿ ಕಿಟಕಿ ಒಬ್ಬರ ತಲೆಯ ಮೇಲಿತ್ತು, ಬಾಗಿಲು ಇನ್ನೊಬ್ಬರ ಹೆಗಲ ಮೇಲಿತ್ತು. ಗೋಡೆಗಳು ಟ್ರ್ಯಾಕ್ಟರ್ ಹತ್ತಿದವು. ಯೋಗೇಶ ಮದುವಣಗಿತ್ತಿಯ ಹಿಂದೆ ಹೋಗುವ ತವರಿನವರ ಹಾಗೆ ಕಣ್ಣೊರೆಸಿಕೊಳ್ಳುತ್ತ ಹಿಂದೆ ಓಡಿದ. ಹಳ್ಳದಾಚೆ ಮತ್ತೆ ಜೋಡಿಸಿಕೊಟ್ಟ. ಅವಸರಕ್ಕೆ ಬಾಗಿಲು ಹಿತ್ತಲ ಕಡೆಗೆ ಬಂತು.

ಅಷ್ಟರಲ್ಲಿ ಕುರಿ ಮೇಯಿಸಲು ಹೋಗಿದ್ದ ಮೇಲಿನ ಬೀದಿಯ ಹಿರಿಯ ಚಿತ್ರಲಿಂಗಪ್ಪ ಹೊಲದಿಂದ ಬರುವವರ ಜೊತೆ ಮರಳಿ ಬಂದ. ಜಾಗ ಬಟಾಬಯಲಾಗಿತ್ತು.

"ಲೇ, ಬೆಳಿಗ್ಗೆ ಇಲ್ಲೇ ಕಟ್ತಿದ್ರಲ್ರೋ!"

ಮೇಲಿನ ಬೀದಿಯೂ ಹಳ್ಳ ದಾಟಿತು. ಅವರು ಈ ಕಡೆ ಬಿಚ್ಚಿದರೆ ಇವರು ಆ ಕಡೆ ಬಿಗಿದರು. ಬಯ್ಗುಳಕ್ಕೆ ಬಯ್ಗುಳ. ಕೊನೆಗೆ ಎರಡು ಗೋಡೆ ಓಬಕ್ಕನ ಬೀದಿಯಲ್ಲಿ, ಎರಡು ಗೋಡೆ ಹಳ್ಳದಲ್ಲಿ ಹೂತ ಟ್ರ್ಯಾಕ್ಟರ್ ಮೇಲೆ ಉಳಿದವು. ಯೋಗೇಶ ಸೂರಿನ ಹಾಳೆಯ ಮೇಲೆ ಕುಕ್ಕರಿಸಿ, ನಾಚಿಕೆ ಬಿಟ್ಟು ಅತ್ತ.

ಅವನನ್ನು ನೋಡಿ ಚಿತ್ರಲಿಂಗಪ್ಪನ ಕರುಳು ಚುರ್ ಎಂದಿತು. "ಸುಮ್ಕಿರ್ರಿ ಎಲ್ರೂ!" ಎಂದು ಗದರಿದ. "ಗೊಬ್ರ ಎಲ್ರಿಗೂ ಬೇಕು ಅಂತ ಕುರಿ ಮಂದೇನ ಏನ್ ಮಾಡ್ತೀವಿ? ಒಬ್ರ ಹೊಲದಾಗೆ ನಾಕು ರಾತ್ರಿ ನಿಲ್ಸಿ, ಆಮೇಲೆ ಇನ್ನೊಬ್ರ ಹೊಲಕ್ಕೆ ಹೊಡ್ಕಂಡು ಹೋಗಲ್ವಾ? ಇದೂ ಹಂಗೇ. ಮಳೆಗಾಲಕ್ಕೆ ಓಬಕ್ಕನ ಬೀದ್ಯಾಗೆ, ಬ್ಯಾಸಿಗೆಗೆ ನಮ್ ಬೀದ್ಯಾಗೆ."

"ಮೊದ್ಲು ನಮ್ ಕಡೆ" ಎಂದಳು ಓಬಕ್ಕ.

"ಆಗ್ಲಿ ಬಿಡವ್ವ."

ಜಗಳ ನಿಂತಿತು. ಎರಡು ಬೀದಿಯೂ ಸೇರಿ ದಬ್ಬಿದ್ದಕ್ಕೆ ಟ್ರ್ಯಾಕ್ಟರ್ ಮೇಲೆದ್ದಿತು. ಹೊತ್ತು ಮುಳುಗುವ ಮೊದಲೇ ಓಬಕ್ಕನ ಬೀದಿಯಲ್ಲಿ ಅಂಗನವಾಡಿ ನಿಂತಿತು. ಬಾಗಿಲೂ ಸರಿಯಾದ ಕಡೆಗೆ ಬಂತು. ಎರಡೂ ಬೀದಿಯ ಮಕ್ಕಳು ಒಳಗೆ ನುಗ್ಗಿ ಕೇಕೆ ಹಾಕಿದವು. ಯೋಗೇಶನಿಗೆ ಎಷ್ಟು ಖುಷಿಯಾಯಿತೆಂದರೆ ಕೆಸರು ಕೈಯಲ್ಲೇ ಸಾಹೇಬರಿಗೆ ಫೋನ್ ಮಾಡಿದ.

"ಎಲ್ಲರೂ ಒಪ್ಪಿದ್ರು ಸಾರ್! ನಾನು ಹೊರಟೆ."

"ಎಲ್ಲಿಗಪ್ಪ?" ಎನ್ನುತ್ತ ಚಿತ್ರಲಿಂಗಪ್ಪ ಫೋನನ್ನೇ ಕಸಿದುಕೊಂಡ. "ಸಾಹೇಬ್ರೇ, ಮಂದೆ ಹೊಲದಾಗೆ ನಿಲ್ಸಿ ಕುರಿ ಕಾಯೋನು ಮನೆಗೆ ಹೋಗ್ತಾನೇನ್ರಿ? ಮಳೆಗಾಲ ಮುಗಿದ್ ಮ್ಯಾಲೆ ಇದನ್ನ ಹೊಡ್ಕಂಡು ಹೋಗೋರು ಯಾರು? ಕುರಿ ಕಾಯೋನಿಗೆ ಹೊಲದೋರು ಉಣ್ಣಾಕೆ ಹಾಕೋದು ನಮ್ ಪದ್ಧತಿ. ಕಟ್ಟಡ ಯಾವ ಬೀದ್ಯಾಗೈತೋ ಆ ಬೀದಿಯೋರು ಇವನಿಗೆ ಮುದ್ದೆ ಹಾಕ್ತೀವಿ. ಇವನಿಲ್ದಿದ್ರೆ ಒಪ್ಪಂದ ಇಲ್ಲ!"

ಫೋನ್ ಮರಳಿ ಬಂದಾಗ ಸಾಹೇಬರ ದನಿ ಬೆಣ್ಣೆಯಂತಿತ್ತು. "ಯೋಗೇಶ, ಇಷ್ಟು ಪ್ರೀತಿಯಿಂದ ಕೇಳ್ತಾವ್ರೆ. ಹೊಳಲ್ಕೆರೆ ಎಲ್ಲಿ ಓಡಿ ಹೋಗುತ್ತೆ? ನೀನು ಅಲ್ಲೇ ಇರು."

ಓಬಕ್ಕ ಆಗಲೇ ಅವನ ಚೀಲ ಎತ್ತಿಕೊಂಡು ಮನೆ ಕಡೆ ಹೊರಟಿದ್ದಳು.

ಯೋಗೇಶ ಮಮತಾಗೆ ಫೋನ್ ಹಚ್ಚಿ, ನಡೆದದ್ದನ್ನೆಲ್ಲ ಅಳು ನುಂಗುತ್ತ ಒಪ್ಪಿಸಿದ. ಆ ಕಡೆ ಅವಳು ಬಿದ್ದೂ ಬಿದ್ದೂ ನಕ್ಕಳು.

"ಅಳಬ್ಯಾಡ್ರಿ, ನಾಳೆ ನಾನೇ ಬರ್ತೀನಿ. ಆದ್ರೆ ಬಾಡಿಗೆಗೆ ಗಾರೆ ಗೋಡೆ ಮನೇನೇ ಹುಡುಕ್ರಿ. ಆ ಊರೋರಿಗೆ ಈಗ ಬೋಲ್ಟ್ ಬಿಚ್ಚೋದು ಗೊತ್ತಾಗೈತೆ!"