ತಾರ್ಲೆ ಚಾಪೆಯ ಮೇಲೆ ಐದು ಅಂಕ

೧. ಟಿಕೆಟು

ನೌಕಾಪಡೆಯಿಂದ ನಿವೃತ್ತನಾಗಿ ಬಂದ ನನ್ನ ತಂಗಿಯ ಮಗ ಬೆಳಂಬಾರದ ಸಮುದ್ರದಂಡೆಯಲ್ಲಿ ಮೀನುಗಾರರ ಹುಡುಗರನ್ನು ಸಾಲಾಗಿ ನಿಲ್ಲಿಸಿ ರಗ್ಬಿ ಚೆಂಡು ಎತ್ತಿ ತೋರಿಸಿದ. "ಇದನ್ನು ಹಿಡಿದು ಮುಂದೆ ಓಡಬೇಕು. ಆದರೆ ಕೊಡುವುದು ಹಿಂದಿದ್ದವನಿಗೇ. ಮುಂದಿದ್ದವನಿಗೆ ಎಸೆದರೆ ತಪ್ಪು."

"ಮುಂದೆ ಹೋಗೂದಾದ್ರೆ ಹಿಂದೆ ಎಂತಕ್ಕೆ ಕೊಡೂದು?" ಒಬ್ಬ ಕೇಳಿದ.

ಅಳಿಯ ಬಹಳ ಹೊತ್ತು ವಿವರಿಸಿದ. ಮರಳಲ್ಲಿ ಬಾಣ ಬರೆದ. ಯಾರಿಗೂ ತಿಳಿಯಲಿಲ್ಲ.

ನಾನು ಗಾಳಿಮರದ ಬುಡದಲ್ಲಿ ಕೂತಿದ್ದೆ. ಕಾರವಾರ, ಅಂಕೋಲೆ ನಡುವೆ ಬಸ್ಸು ಓಡಿಸಿ ಮುದುಕನಾದವನು. "ರಶ್ಶಾದ ಬಸ್ಸಲ್ಲಿ ಟಿಕೆಟು ಕೈಯಿಂದ ಕೈಗೆ ಹಿಂದೆ ಹೋಗ್ತದಲ್ಲ, ಹಾಂಗೆ. ಬಸ್ಸು ಮುಂದೆ, ಟಿಕೆಟು ಹಿಂದೆ," ಅಂದೆ.

ಎಲ್ಲರಿಗೂ ತಿಳಿಯಿತು. ಅದೊಂದು ಮಾತಿಗೆ ನನ್ನನ್ನು ಕ್ಲಬ್ಬಿನ ಅಧ್ಯಕ್ಷನನ್ನಾಗಿ ಮಾಡಿದರು. ಹುಡುಗರು ಇವತ್ತಿಗೂ ಚೆಂಡು ದಾಟಿಸುವಾಗ "ಚಿಲ್ರೆ ಕೊಡಿ" ಅನ್ನುತ್ತಾರೆ.

೨. ಎಳೆಯುವವರು

ಮೊದಲ ಪಂದ್ಯ ಕಾರವಾರದವರ ಮೇಲೆ. ಸ್ಕ್ರಮ್ ಅಂತ ಒಂದು ಇದೆ. ಎರಡೂ ಕಡೆಯವರು ಬಗ್ಗಿ, ಭುಜಕ್ಕೆ ಭುಜ ಕೊಟ್ಟು ತಳ್ಳಬೇಕು.

ನಮ್ಮವರು ದಂಡೆಯಲ್ಲಿ ನಿಂತು ರಂಪಣಿ ಬಲೆ ಎಳೆದು ಬೆಳೆದವರು. ಎದುರಿನವರ ಅಂಗಿ ಕೈಗೆ ಸಿಕ್ಕಿದ್ದೇ ತಡ, ಕಾಲೂರಿ ಹಿಂದಕ್ಕೆ ಎಳೆದರು. ಕಾರವಾರದವರು ಮುಖ ಅಡಿಯಾಗಿ ಮರಳಿಗೆ ಬಿದ್ದರು. ರೆಫರಿ ಸೀಟಿ ಊದಿ, "ತಳ್ಳಿ, ಎಳೆಯಬೇಡಿ" ಅಂದ. ಮತ್ತೆ ಎಳೆದರು. ಮತ್ತೆ ಸೀಟಿ.

ಕೊನೆಗೆ ರೆಫರಿ ನಮ್ಮ ನಾಯಕನನ್ನು ಬದಿಗೆ ಕರೆದ. ನಾಯಕ ದೋಣಿ ನಡೆಸುವವನು, ಗಟ್ಟಿ ಆಳು. "ತಳ್ಳುವುದಕ್ಕೆ ನಿನಗೇನು ಕಷ್ಟ?" ಅಂತ ಕೇಳಿದ.

"ತಳ್ಳಿದ್ದು ಸಮುದ್ರಕ್ಕೆ ಹೋಗ್ತದೆ ಸಾರ್," ಅಂದ ನಾಯಕ. "ಎಳೆದದ್ದು ಮನೆಗೆ ಬರ್ತದೆ."

ಸೋತೆವು.

೩. ಗೆರೆ

ನಮ್ಮ ಮೈದಾನದ ಒಂದು ತುದಿಗೆ ತಾರ್ಲೆ ಮೀನು ಒಣಗಿಸುವ ಹೆಂಗಸರ ಚಾಪೆಗಳು. ನಡುವೆ ಗೆರೆ ಅಂತ ಒಂದು ಕತ್ತದ ಹಗ್ಗ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರಿದರೆ ಐದು ಅಂಕ. ಆದರೆ ಈ ಗೆರೆ ದಾಟಿದರೆ ಆಯಿಯ ರಾಜ್ಯ. ಆ ಹೆಂಗಸರಿಗೆಲ್ಲ ಹಿರಿಯಳು. ಊರೇ ಅವಳನ್ನು ಆಯಿ ಅನ್ನುತ್ತದೆ. ಅಲ್ಲಿಗೆ ಹೋದ ಚೆಂಡಿನ ಮೇಲೆ ಕೂತುಬಿಡುತ್ತಿದ್ದಳು. "ಹಗ್ಗ ದಾಟಿ ಬಂದದ್ದು ನಂದು," ಅನ್ನುವಳು.

ನಮ್ಮಲ್ಲಿ ಜೋರು ಓಡುವವನು ಒಬ್ಬನೇ, ಬಾಳೆಗುಳಿಯ ಮೊಬೈಲ್ ಅಂಗಡಿಯವನು. ಶುದ್ಧ ಸಸ್ಯಾಹಾರಿ. ಎಲ್ಲರನ್ನೂ ಹಿಂದೆ ಹಾಕಿ ಆ ಹಗ್ಗದ ತನಕ ಬರುವನು. ಒಣಮೀನಿನ ವಾಸನೆ ಹೊಡೆದ ಕೂಡಲೇ ನಿಂತುಬಿಡುವನು. ಹೀಗಾಗಿ ನಾವು ಒಂದೂ ಪಂದ್ಯ ಗೆದ್ದಿರಲಿಲ್ಲ.

ಒಂದು ದಿನ ಆಯಿ ನಮ್ಮೆಲ್ಲರನ್ನೂ ಕರೆಸಿದಳು. "ಸೋಲೂಕೆ ಇಷ್ಟು ಜಾಗ ಎಂತಕ್ಕೆ? ಮಳೆಗಾಲದೊಳಗೆ ಒಂದು ಆಟ ಗೆಲ್ಲಿ. ಇಲ್ಲದಿದ್ರೆ ಅಲ್ಲೂ ಚಾಪೆ ಹಾಸ್ತೇವೆ."

ನಾನು "ಆಗಲಿ" ಅಂದೆ.

ದಾರಿಯಲ್ಲಿ ಅಳಿಯ ಹೇಳಿದ, "ಮಾವ, ನೀವು ವರ್ಷಕ್ಕೆ ಒಂದು ಮಾತಾಡೂದು. ಅದನ್ನ ಇವತ್ತೇ ಆಡ್ಬೇಕಿತ್ತಾ?"

೪. ಮೀನು ಬಂತು

ಮಳೆಗಾಲಕ್ಕೆ ಮುಂಚಿನ ಕೊನೆಯ ಪಂದ್ಯ. ಅದೇ ಕಾರವಾರದವರು. ಅವರೂ ಮೀನುಗಾರರೇ. ಎರಡನೇ ಅರ್ಧದಲ್ಲಿ ಅವರು ಕಾಯಬೇಕಾದದ್ದು ಆಯಿಯ ಕಡೆಯ ಗೆರೆ. ಸೊನ್ನೆ–ಸೊನ್ನೆ. ಮುಗಿಯಲು ಸ್ವಲ್ಪವೇ ಹೊತ್ತಿತ್ತು.

ಅಷ್ಟರಲ್ಲಿ ದಂಡೆಯ ಕಡೆಯಿಂದ ಕೂಗು. ರಂಪಣಿ ತುಂಬಿ ಬಂದಿದೆ, ಎಳೆಯಲು ಜನ ಸಾಲದು. ನಮ್ಮ ಕಡೆ ಪದ್ಧತಿ ಒಂದೇ: ಬಲೆಯ ಹಗ್ಗಕ್ಕೆ ಕೈ ಹಚ್ಚಿದವನಿಗೆ ಪಾಲು ಉಂಟು, ಯಾವ ಊರಿನವನಾದರೂ ಸರಿ. ಎರಡೂ ತಂಡ ಓಡಿದವು. ನಮ್ಮ ನಾಯಕ ಎಲ್ಲರಿಗಿಂತ ಮುಂದೆ. ನನ್ನ ಅಳಿಯನೂ ಹೋದ.

ರೆಫರಿ ಘಟ್ಟದ ಮೇಲಿನವನು. ರಂಪಣಿ ಕಂಡವನೇ ಅಲ್ಲ. ಸೀಟಿ ಊದುವುದನ್ನೂ ಮರೆತು ಸಮುದ್ರ ನೋಡುತ್ತ ನಿಂತ.

ಮೈದಾನದಲ್ಲಿ ಉಳಿದವನು ನಮ್ಮ ಸಸ್ಯಾಹಾರಿ ಒಬ್ಬನೇ. ಅವನಿಗೆ ಮೀನಿನ ಪಾಲು ಬೇಡ. ಚೆಂಡು ಕಾಲ ಬುಡದಲ್ಲೇ ಇತ್ತು. ನನ್ನ ಮುಖ ನೋಡಿದ. "ಓಡು," ಅಂದೆ. ಓಡಿದ. ಅಟ್ಟಿಸಿಕೊಂಡು ಬರುವವರೇ ಇಲ್ಲ. ವಾಸನೆ ಬಂದ ಕೂಡಲೇ ಎಂದಿನಂತೆ ನಿಲ್ಲಲು ಹೋದ. ಕತ್ತದ ಹಗ್ಗ ಕಾಲಿಗೆ ಸಿಕ್ಕಿತು. ಚೆಂಡು ಅಪ್ಪಿಕೊಂಡೇ ಆಯಿಯ ತಾರ್ಲೆ ಚಾಪೆಯ ಮೇಲೆ ಬೋರಲು ಬಿದ್ದ. ಎದ್ದವನೇ ಚೆಂಡು ಹಿಡಿದುಕೊಂಡು, ಬಾಯಿ ತೊಳೆಯಲು ಸಮುದ್ರಕ್ಕೆ ಓಡಿದ.

ಬಲೆ ಎಳೆದಾಯಿತು. ಎಲ್ಲರೂ ಕೈಯಲ್ಲಿ ಬಂಗಡೆ ಹಿಡಿದು ಬಂದರು. ನಾನು ರೆಫರಿಗೆ ವಿಷಯ ಹೇಳಿದೆ.

"ಆಟ ನಿಂತಿತ್ತಲ್ಲ," ಅಂದ ಕಾರವಾರದ ನಾಯಕ.

"ನಾನು ಸೀಟಿ ಊದಿರಲಿಲ್ಲ," ಅಂದ ರೆಫರಿ.

"ಹಾಗಾದ್ರೆ ಅವ ಗೆರೆ ದಾಟಿದ್ದು ನೀವು ಕಂಡ್ರಾ?"

"ಇಲ್ಲ."

"ಮತ್ತೆಂತದು? ಅವ ಗೆರೆ ಮುಟ್ಟೂಕೆ ಮೊದಲೇ ಬಿದ್ದಿದ್ದಾನೆ. ಯಾವಾಗ ದಾಟಿದ್ದುಂಟು ಅವ?"

ನಮ್ಮವರು ತಲೆ ತಗ್ಗಿಸಿದರು. ಅಧ್ಯಕ್ಷನ ಸಾಕ್ಷಿ ನಡೆಯುವುದಿಲ್ಲ ಅಂತ ಕಾರವಾರದ ನಾಯಕನೇ ಹೇಳಿದ. ಅದೂ ಸರಿಯೇ.

ಅಷ್ಟರಲ್ಲಿ ಆಯಿ ಬಂದಳು. ಸೆರಗಿನ ತುಂಬ ಅಪ್ಪಚ್ಚಿಯಾದ ತಾರ್ಲೆ.

"ಗೆರೆ ಮುಟ್ಟೂಕೆ ಮೊದಲೇ ಬಿದ್ದ ಅಂದವ ಯಾರೋ?" ಅಂತ ಕಾರವಾರದ ನಾಯಕನ ಮುಖಕ್ಕೇ ಮೀನು ಹಿಡಿದಳು. "ನನ್ನ ಚಾಪೆ ಹಗ್ಗ ಬಿಟ್ಟು ಒಂದು ಬೆರಳು ಮುಂದೆ ಉಂಟನಾ? ಇಷ್ಟು ವರ್ಷ ನಾ ಗಡಿ ಮೀರಿದವಳಲ್ಲ. ಅವನೇ ದಾಟಿ ಬಂದು, ಆ ಚೆಂಡು ಕವುಚಿಕೊಂಡು, ನನ್ನ ತಾರ್ಲೆ ಮೇಲೆ ಬಿದ್ದದ್ದು. ಈ ಎರಡು ಕಣ್ಣಲ್ಲಿ ನೋಡಿದ್ದೇನೆ."

"ಚೆಂಡು ಕೆಳಗೆ ತಾಗಿತ್ತೇನಮ್ಮ?" ರೆಫರಿ ಕೇಳಿದ.

"ತಾಗದೇ ಇದು ಹೀಂಗಾಯ್ತನಾ?"

ರೆಫರಿ ಸೀಟಿ ಊದಿ ಕೈ ಎತ್ತಿದ.

ಆಯಿ ನನ್ನ ಕಡೆ ತಿರುಗಿದಳು. "ಇದೆಂತದು?"

"ಗೆದ್ದೆವು," ಅಂದೆ.

ಅವಳು ಸೆರಗಿನ ಮೀನು ನೋಡಿದಳು. ಮೈದಾನ ನೋಡಿದಳು. ತನ್ನ ಚಾಪೆಯ ಕಡೆ ಹೋದಳು.

ಐದು–ಸೊನ್ನೆ. ಮೈದಾನ ಉಳಿಯಿತು. ಮರುದಿನ ಬೆಳಿಗ್ಗೆ ಹೋಗಿ ನೋಡಿದೆ. ಕತ್ತದ ಹಗ್ಗ ಒಂದು ಮಾರು ಮೈದಾನದ ಒಳಗೆ ಬಂದಿತ್ತು.