ಮದುವೆಯ ದಿನವೇ ಮುಳುಗಿದ ಹಡಗು

ದಿನಕ್ಕೊಂದು ಹಾಳೆಯ ಗೋಡೆ ಕ್ಯಾಲೆಂಡರಿನ ಮಾನ್ಯ ಸಂಪಾದಕರೇ,

ಪ್ರತಿ ಹಾಳೆಯ ಅಡಿಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಎಂದು ಬರೆದು, ಎಂದೋ ತೀರಿಕೊಂಡವರನ್ನು ವರ್ಷ ವರ್ಷವೂ ತಪ್ಪದೆ ಸಾಯಿಸುತ್ತಿರುವ ತಮ್ಮ ಕರ್ತವ್ಯನಿಷ್ಠೆಗೆ ಈ ಕನ್ನಡಕದ ಅಂಗಡಿಯವನ ಅನಂತ ನಮಸ್ಕಾರಗಳು.

ಮಗಳ ಮದುವೆ ನಿಶ್ಚಯವಾದ ಖುಷಿಯಲ್ಲಿ, ಅದುವರೆಗೆ ದೊಡ್ಡಕ್ಷರದ ತಾರೀಖು ಮಾತ್ರ ಕಾಣುತ್ತಿದ್ದ ನಮ್ಮ ಬೀಗರಿಗೆ ನಾನೇ ಕೈಯಾರೆ ಒಂದು ಓದುವ ಕನ್ನಡಕ ಮಾಡಿಕೊಟ್ಟೆ. ಮರುದಿನವೇ ಅವರಿಗೆ ಹಾಳೆಯಡಿಯ ತಮ್ಮ ಇರುವೆ ಸಾಲಿನಂಥ ಸಣ್ಣಕ್ಷರಗಳು ಕಾಣಿಸಿದವು. ಅಲ್ಲಿಂದಾಚೆಗೆ ನಾವು ಹೇಳಿದ ದಿನವೆಲ್ಲ ಕೆಟ್ಟ ದಿನವೇ. ಒಂದರಲ್ಲಿ ರಾಜ ಸತ್ತ, ಇನ್ನೊಂದರಲ್ಲಿ ಸೇತುವೆ ಬಿತ್ತು. ಹುಟ್ಟಿದವರ ಹೆಸರಾದರೂ ಇದೆಯಲ್ಲ ಎಂದು ತೋರಿಸಿದರೆ, “ಇವರೂ ಈಗಿಲ್ವಲ್ಲ” ಎಂದು ಅವರನ್ನೂ ಸತ್ತವರ ಪಟ್ಟಿಗೆ ಸೇರಿಸಿಬಿಟ್ಟರು. ಭಾವಿ ಅಳಿಯನಿಗೆ ಅಪ್ಪನೆದುರು ಬಾಯಿ ಬಿಡುವ ಧೈರ್ಯವಿಲ್ಲ. “ಅಪ್ಪಾ, ನಾವು ಮುದುಕರಾದ್ರೂ ಈ ಸಾಯೋರು ಮುಗಿಯಲ್ಲ” ಎಂದು ಮಗಳು ಊಟ ಬಿಟ್ಟು ಎದ್ದಾಗ ನಾನೂ ಎದ್ದು ತಮಗೆ ಪತ್ರ ಬರೆಯಲು ಕೂತೆ.

ಆದ್ದರಿಂದ ಜಗತ್ತಿನ ಸಮಸ್ತ ರಾಜರ ಸಾವು, ಬೆಂಕಿ, ಭೂಕಂಪಗಳನ್ನು ಒಟ್ಟುಗೂಡಿಸಿ ಫೆಬ್ರವರಿ ಮೂವತ್ತಕ್ಕೆ ಸಾಗಿಸಿಬಿಡಬೇಕೆಂದು ತಮ್ಮನ್ನು ಕೋರುವವನಿದ್ದೆ. ಅಷ್ಟರಲ್ಲಿ ಬೀಗಿತ್ತಿಯವರು ಗಂಡನ ಮೂಗಿನ ಮೇಲಿನ ಕನ್ನಡಕ ಕಿತ್ತು ತಾವೇ ಹಾಕಿಕೊಂಡು, ಕ್ಯಾಲೆಂಡರಿನ ಹಾಳೆ ತಿರುವಿ, ತಮ್ಮಿಬ್ಬರ ಮದುವೆಯಾದ ತಾರೀಖು ತೆಗೆದರು. ತಮ್ಮ ಔದಾರ್ಯಕ್ಕೆ ಏನೆನ್ನಲಿ, ಅಲ್ಲಿ ಒಂದು ಊರು ಸುಟ್ಟಿತ್ತು, ಇಬ್ಬರು ರಾಜರು ಸತ್ತಿದ್ದರು, ಜೊತೆಗೊಂದು ಹಡಗೂ ಮುಳುಗಿತ್ತು. ಅವರು ಅದನ್ನು ಗಟ್ಟಿಯಾಗಿ ಓದಿ, “ಹಡಗು ಮುಳುಗಿದ ದಿನಾನೇ ಇವರನ್ನ ಕಟ್ಕೊಂಡೆ. ನಾನು ಇನ್ನೂ ತೇಲ್ತಾ ಇಲ್ವಾ? ಮಕ್ಕಳ ಮದುವೇನೂ ಅದೇ ತಾರೀಖಿಗೆ ಆಗ್ಲಿ” ಎಂದರು. ಬೀಗರು ಹೆಂಡತಿಯ ಮುಖ ನೋಡಿದರು, ಕ್ಯಾಲೆಂಡರ್ ನೋಡಿದರು, ಕಾಫಿ ಕೇಳಿದರು. ಅದನ್ನೇ ನಾವು ಒಪ್ಪಿಗೆ ಎಂದುಕೊಂಡೆವು.

ಮುಂದಿನ ವರ್ಷದ ಹಾಳೆಯಲ್ಲಿ ಆ ಹಡಗಿನ ಪಕ್ಕ ನನ್ನ ಮಗಳ ಮದುವೆಗೂ ಅರ್ಧ ಸಾಲು ಜಾಗ ಕೊಡಿ. ಆ ದಿನ ಮುಳುಗದೆ ಉಳಿದದ್ದೂ ಒಂದಿದೆ ಎಂದು ಓದುವವರಿಗೆ ತಿಳಿಯಲಿ.

ಇಂತು, ತೇಲುತ್ತಿರುವ
ತಮ್ಮ ವಿಶ್ವಾಸಿ,
ಹೆಣ್ಣಿನ ತಂದೆ

ವಿ.ಸೂ.: ಬೀಗಿತ್ತಿಯವರು ನಿನ್ನೆ ಆ ಕನ್ನಡಕವನ್ನು ನನ್ನ ಅಂಗಡಿಗೆ ರಿಪೇರಿಗೆಂದು ಕೊಟ್ಟುಹೋಗಿದ್ದಾರೆ. ಅದಕ್ಕೆ ಏನೂ ಆಗಿಲ್ಲ. ಮದುವೆಯ ಮರುದಿನ ಸರಿಹೋಗುತ್ತದೆ.